ಬೆಡ್ ತುಂಬಿದ ಮೇಲೆ ಏನಾಗುತ್ತದೆ? ಎಲೆಕ್ಟ್ರಿಕ್ ಪಿಕಪ್‌ಗಳ ಬೆಡ್ ಮತ್ತು ಟೈಲ್‌ಗೇಟ್ ವಿಮರ್ಶೆ

ಶೋರೂಮಿನಲ್ಲಿ ನಿಂತ ಪಿಕಪ್‌ನ ಬೆಡ್, ಅಂದರೆ ಹಿಂದಿನ ತೆರೆದ ಸರಕಿನ ತೊಟ್ಟಿ, ಯಾವಾಗಲೂ ಖಾಲಿ. ಖಾಲಿ ಬೆಡ್‌ನಲ್ಲಿ ನೆಲದಡಿಯ ಪೆಟ್ಟಿಗೆಯೂ ಚೆಂದ, ಮೋಟಾರಿನಿಂದ ಸರಿಯುವ ಮುಚ್ಚಳವೂ ಚೆಂದ, ಮೆಟ್ಟಿಲಾಗಿ ಮಡಚಿಕೊಳ್ಳುವ ಟೈಲ್‌ಗೇಟೂ (ಬೆಡ್‌ನ ಹಿಂಬಾಗಿಲು) ಚೆಂದ. ಅದೇ ಬೆಡ್‌ಗೆ ಅರ್ಧ ಟನ್ ಜಲ್ಲಿ ಸುರಿದ ಮೇಲೆ, ಹಿಂದೆ ಟ್ರೇಲರ್ ಸಿಕ್ಕಿಸಿದ ಮೇಲೆ, ಎಂಟಡಿ ಪ್ಲೈವುಡ್ ಹೊರಗೆ ಚಾಚಿಕೊಂಡ ಮೇಲೆ ಇವುಗಳಲ್ಲಿ ಯಾವುದು ಇನ್ನೂ ಕೆಲಸ ಕೊಡುತ್ತದೆ? ಫೋರ್ಡ್ ಎಫ್-150 ಲೈಟ್ನಿಂಗ್, ರಿವಿಯನ್ ಆರ್1ಟಿ, ಷೆವರ್ಲೆ ಸಿಲ್ವರಾಡೊ ಇವಿ, ಅದರ ಜೋಡಿಯಾದ ಜಿಎಂಸಿ ಸಿಯೆರಾ ಇವಿ, ಟೆಸ್ಲಾ ಸೈಬರ್‌ಟ್ರಕ್ ಇವಿಷ್ಟನ್ನೂ ಇಲ್ಲಿ ಅಳೆದಿರುವುದು ಈ ಒಂದು ಪ್ರಶ್ನೆಯಿಂದ. ರೇಂಜ್, ಸ್ಕ್ರೀನ್, ಸೀಟುಗಳ ಬಗ್ಗೆ ಬೇಕಾದಷ್ಟು ಬರಹಗಳು ಸಿಗುತ್ತವೆ. ನಮಗೆ ಬೇಕಿರುವುದು ಹಿಂದಿನ ಗಾಜಿನಿಂದಾಚೆಯ ಭಾಗ.

ಎಂಟಡಿ ಶೀಟಿನ ಲೆಕ್ಕ

ಮೊದಲು ಅಳತೆ. ಪ್ಲೈವುಡ್, ಜಿಪ್ಸಂ ಬೋರ್ಡ್‌ಗಳ ಸಾಮಾನ್ಯ ಶೀಟು 4 ಅಡಿ ಅಗಲ, 8 ಅಡಿ ಉದ್ದ. ಅಗಲದಲ್ಲಿ ಈ ಟ್ರಕ್‌ಗಳಿಗೆ ತೊಂದರೆಯಿಲ್ಲ. ಲೈಟ್ನಿಂಗ್‌ನಲ್ಲಿ ಚಕ್ರದ ಉಬ್ಬುಗಳ ನಡುವೆ 50.6 ಇಂಚು ಜಾಗವಿದೆ, 48 ಇಂಚಿನ ಶೀಟು ನೆಲದ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಪಕ್ಕದಲ್ಲಿ ಉಳಿಯುವುದು ಒಟ್ಟು ಎರಡೂವರೆ ಇಂಚು. ಕೈಬೆರಳು ಹೋಗುವಷ್ಟು ಮಾತ್ರ. ಹಾಗಾಗಿ ಶೀಟುಗಳ ಕಟ್ಟನ್ನು ಇಳಿಸುವಾಗ ಅಡಿಯಲ್ಲಿ ಅಡ್ಡಪಟ್ಟಿಗಳನ್ನು ಮೊದಲೇ ಇಟ್ಟುಕೊಂಡಿದ್ದರೆ ಒಳ್ಳೆಯದು.

ಉದ್ದದಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಆರ್1ಟಿಯ ಬೆಡ್ ನಾಲ್ಕೂವರೆ ಅಡಿ, ಅಂದರೆ 54 ಇಂಚು. ಟೈಲ್‌ಗೇಟ್ ಇಳಿಸಿದರೆ ಸುಮಾರು 7 ಅಡಿ ಸಿಗುತ್ತದೆ, ಶೀಟು ಇನ್ನೂ ಒಂದಡಿ ಹೊರಗೇ. ಲೈಟ್ನಿಂಗ್‌ನದು 67.1 ಇಂಚು, ಟೈಲ್‌ಗೇಟ್ ಇಳಿಸಿದರೆ ಶೀಟು ಅಂಚನ್ನು ಸ್ವಲ್ಪವೇ ದಾಟುತ್ತದೆ. ಸೈಬರ್‌ಟ್ರಕ್‌ನದು ಸುಮಾರು 6 ಅಡಿ. ಸಿಲ್ವರಾಡೊ ಇವಿಯದು 5 ಅಡಿ 11 ಇಂಚು, ಆದರೆ ಅದರ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ.

ಮಿಡ್‌ಗೇಟ್: ಈ ಪೀಳಿಗೆಯ ಅತ್ಯುತ್ತಮ ಯೋಚನೆ

ಕ್ಯಾಬಿನ್ನಿನ ಹಿಂಗೋಡೆಯೇ ಬಾಗಿಲಾಗಿ ಮಡಚಿಕೊಳ್ಳುವುದನ್ನು ಮಿಡ್‌ಗೇಟ್ ಎನ್ನುತ್ತಾರೆ. ಷೆವರ್ಲೆಯೇ ತನ್ನ ಅವಲಾಂಚ್‌ನಲ್ಲಿ 2000ದ ದಶಕದಲ್ಲಿ ಇದನ್ನು ಕೊಟ್ಟಿತ್ತು. ಸಾಮಾನ್ಯ ಪಿಕಪ್‌ನಲ್ಲಿ ಕ್ಯಾಬಿನ್ನೂ ಬೆಡ್ಡೂ ಚಾಸಿಯ ಮೇಲೆ ಬೇರೆ ಬೇರೆ ಕೂರುತ್ತವೆ. ರಸ್ತೆಯ ಮೇಲೆ ಎರಡೂ ಬೇರೆ ಬೇರೆಯಾಗಿ ಅಲುಗಾಡುವುದರಿಂದ ನಡುವೆ ಸಂದು ಬಿಡಲೇಬೇಕು, ಆ ಸಂದಿನಲ್ಲಿ ಬಾಗಿಲು ಇಟ್ಟು ನೀರು ಸೋರದಂತೆ ಮಾಡುವುದು ಬಹಳ ಕಷ್ಟ. ಸಿಲ್ವರಾಡೊ ಇವಿಯಲ್ಲಿ ಕ್ಯಾಬಿನ್ನು ಮತ್ತು ಬೆಡ್ ಒಂದೇ ದೇಹವಾಗಿರುವುದರಿಂದ ಆ ಸಂದೇ ಇಲ್ಲ. ಲೈಟ್ನಿಂಗ್ ಪೆಟ್ರೋಲ್ ಎಫ್-150ರ ಬೇರೆ ಬೆಡ್ಡನ್ನೇ ಇಟ್ಟುಕೊಂಡಿದೆ, ಅದಕ್ಕೆ ಇದು ಒಗ್ಗುವಂಥದಲ್ಲ.

ಹಿಂಸೀಟು ಮಡಚಿ ಮಿಡ್‌ಗೇಟ್ ಇಳಿಸಿದರೆ, ಟೈಲ್‌ಗೇಟ್ ಮುಚ್ಚಿಕೊಂಡೇ 9 ಅಡಿಗಿಂತ ಹೆಚ್ಚು ಉದ್ದ ಸಿಗುತ್ತದೆ. ಟೈಲ್‌ಗೇಟನ್ನೂ ಇಳಿಸಿ ಅದರ ತಡೆಪಟ್ಟಿ ಎತ್ತಿ ನಿಲ್ಲಿಸಿದರೆ 10 ಅಡಿ 10 ಇಂಚು. ಎಂಟಡಿ ಶೀಟು ಟೈಲ್‌ಗೇಟಿನೊಳಗೇ ಕೂರುತ್ತದೆ ಎಂಬುದೇ ಮುಖ್ಯ ಲಾಭ. ಹಿಂದೆ ಏನೂ ಚಾಚಿಕೊಂಡಿಲ್ಲ, ಕೆಂಪು ಬಟ್ಟೆ ಕಟ್ಟಬೇಕಿಲ್ಲ, ಹಿಂಬದಿಯ ದೀಪ, ನಂಬರ್ ಪ್ಲೇಟು, ಕ್ಯಾಮೆರಾ ಎಲ್ಲವೂ ಇದ್ದಲ್ಲೇ ಇರುತ್ತವೆ. ಮಿಡ್‌ಗೇಟ್ 60:40ರಂತೆ ಭಾಗವಾಗಿರುವುದರಿಂದ ಪೈಪು, ಏಣಿಯಂಥ ಸಪೂರ ಸರಕಿಗೆ ಒಂದು ಬದಿಯನ್ನಷ್ಟೇ ತೆರೆದು, ಇನ್ನೊಂದು ಬದಿಯಲ್ಲಿ ಒಬ್ಬರು ಕೂರಬಹುದು. ಹಿಂದಿನ ಗಾಜನ್ನು ಜಾಗದಲ್ಲೇ ಬಿಟ್ಟು ಕೆಳಗಿನ ಫಲಕವನ್ನು ಮಾತ್ರ ಇಳಿಸಬಹುದು. ಎತ್ತರದ ಸರಕಿದ್ದರೆ ಮಾತ್ರ ಗಾಜು ಬಿಚ್ಚುವ ಕೆಲಸ.

ಪೆಟ್ರೋಲ್ ಗಾಡಿಯಲ್ಲಿ ಹಿಂಬದಿ ತೆರೆದುಕೊಂಡು ಓಡಿಸಿದರೆ ಹೊಗೆ ಕ್ಯಾಬಿನ್ನಿಗೆ ನುಗ್ಗುವ ಭಯವಿತ್ತು. ಗಾಡಿ ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ, ಆ ಸುಳಿ ಹಿಂದಿನದನ್ನು ಒಳಕ್ಕೆಳೆಯುತ್ತದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ತನ್ನದೇ ಹೊಗೆ ಇಲ್ಲ. ಧೂಳು ಮಾತ್ರ ಖಂಡಿತ ಬರುತ್ತದೆ. ಮಣ್ಣಿನ ರಸ್ತೆಯಲ್ಲಿ ಮಿಡ್‌ಗೇಟ್ ತೆರೆದಿದ್ದರೆ ಎಸಿಯನ್ನು ಹೊರಗಾಳಿಯ ಕಡೆಗಿಟ್ಟು ಫ್ಯಾನ್ ಜೋರು ಮಾಡಬೇಕು. ಕ್ಯಾಬಿನ್ನಿನೊಳಗೆ ಒತ್ತಡ ಹೆಚ್ಚಿದಷ್ಟೂ ಧೂಳು ಹೊರಗೇ ಉಳಿಯುತ್ತದೆ.

ದೊಡ್ಡ ಎಚ್ಚರಿಕೆ ಬೇರೆಯೇ ಇದೆ. ಮಿಡ್‌ಗೇಟ್ ಮುಚ್ಚಿದ್ದಾಗ ಸರಕಿಗೂ ಚಾಲಕನ ಬೆನ್ನಿಗೂ ನಡುವೆ ಒಂದು ಗೋಡೆ ಇರುತ್ತದೆ. ತೆರೆದಾಗ ಅದಿಲ್ಲ. ಇಪ್ಪತ್ತು ಕಬ್ಬಿಣದ ಪೈಪುಗಳ ಕಟ್ಟು ಗಟ್ಟಿ ಬ್ರೇಕಿನಲ್ಲಿ ನೇರ ಡ್ಯಾಶ್‌ಬೋರ್ಡಿಗೆ ಬರುತ್ತದೆ. ಪೈಪುಗಳ ಮುಂದಿನ ತುದಿಗೆ ಅಡ್ಡವಾಗಿ ಒಂದು ಪಟ್ಟಿ ಸುತ್ತಿ, ಅದರ ಎರಡೂ ತುದಿಗಳನ್ನು ಹಿಂದಕ್ಕೆಳೆದು ಬೆಡ್‌ನ ಕೊಕ್ಕೆಗಳಿಗೆ ಬಿಗಿಯಬೇಕು. ಮೇಲಿನಿಂದ ಅಡ್ಡಕ್ಕೆ ಹಾಕಿದ ಪಟ್ಟಿ ಎಷ್ಟೇ ಬಿಗಿಯಿದ್ದರೂ ನುಣುಪಾದ ಪೈಪು ಅದರಡಿಯಲ್ಲಿ ಜಾರುತ್ತದೆ. ಈ ಟ್ರಕ್ ಕೊಳ್ಳುವವರು ಮೊದಲ ದಿನವೇ ಕಲಿಯಬೇಕಾದ ಕಟ್ಟು ಇದು.

ಟೈಲ್‌ಗೇಟ್: ಮಡಿಕೆ ಹೆಚ್ಚಿದಷ್ಟೂ ಷರತ್ತು ಹೆಚ್ಚು

ಜಿಎಂಸಿಯ ಮಲ್ಟಿಪ್ರೊ ಮತ್ತು ಷೆವರ್ಲೆಯ ಮಲ್ಟಿಫ್ಲೆಕ್ಸ್ ಟೈಲ್‌ಗೇಟಿನೊಳಗೆ ಇನ್ನೊಂದು ಸಣ್ಣ ಗೇಟಿದೆ. ಹೀಗೆ ಆರು ಸ್ಥಿತಿಗಳು: ಇಡೀ ಗೇಟ್ ಇಳಿಸುವುದು, ಅದರ ಮೇಲೆ ಸರಕು ಜಾರದಂತೆ ತಡೆ ಎತ್ತುವುದು, ಒಳಗೇಟನ್ನು ಮಡಚಿ ಬೆಡ್‌ಗೆ ಹತ್ತಿರ ನಿಲ್ಲುವುದು, ಅದನ್ನೇ ಪೂರ್ತಿ ಅಗಲದ ಮೆಟ್ಟಿಲು ಮಾಡುವುದು, ಒಳಗೇಟನ್ನು ಮಾತ್ರ ಇಳಿಸಿ ಕೆಲಸದ ಮೇಜು ಮಾಡುವುದು, ಅದಕ್ಕೂ ಒಂದು ತಡೆ. ಮಲ್ಟಿಪ್ರೊ ಮೆಟ್ಟಿಲು ಹೊರುವುದು 375 ಪೌಂಡ್, ಅಂದರೆ 170 ಕೆಜಿ. ಸಿಮೆಂಟಿನ ಮೂಟೆ ಹೊತ್ತ ಒಬ್ಬರು ಧೈರ್ಯವಾಗಿ ಹತ್ತಬಹುದು.

ಇವುಗಳಲ್ಲಿ ದಿನನಿತ್ಯ ಕೆಲಸಕ್ಕೆ ಬರುವುದು ಮೂರನೆಯದು. ಇಳಿಸಿದ ಟೈಲ್‌ಗೇಟು ನಮ್ಮನ್ನು ಬೆಡ್‌ನಿಂದ ಸುಮಾರು ಎರಡಡಿ ದೂರ ನಿಲ್ಲಿಸುತ್ತದೆ, ಆ ಎರಡಡಿಯನ್ನು ಬಾಗಿ ದಾಟುವಾಗ ಭಾರವೆಲ್ಲ ಸೊಂಟದ ಮೇಲೆ. ಒಳಗೇಟು ಮಡಚಿದರೆ ಆ ದೂರ ಹೋಗುತ್ತದೆ. ಬೆಡ್ ತುಂಬಿದ್ದಾಗಲೂ ಇದು ನಡೆಯುತ್ತದೆ, ಸರಕು ಗೇಟಿಗೆ ಒರಗಿಕೊಂಡಿಲ್ಲದಿದ್ದರೆ ಸರಿ.

ಟ್ರೇಲರ್ ಎಳೆಯುವವರಿಗೆ ಮಾತ್ರ ಇದು ತಲೆನೋವು. ಟ್ರೇಲರ್ ಜೋಡಿಸುವ ಹಿಚ್‌ನಲ್ಲಿ ಗುಂಡು ಸಿಕ್ಕಿಸಿದ ಕೊಂಡಿ ಇರುವಾಗ ಇಡೀ ಗೇಟನ್ನು ಇಳಿಸಿ, ಮೇಲೆ ಒಳಗೇಟನ್ನೂ ಇಳಿಸಿದರೆ ಅದು ನೇರ ಗುಂಡಿನ ಮೇಲೆ ಬೀಳುತ್ತದೆ. ಗೇಟಿನ ನಡುವೆ ದುಂಡನೆ ತಗ್ಗು ಬಿದ್ದ ಮಲ್ಟಿಪ್ರೊ ಕಂಡರೆ ಕಾರಣ ಇದೇ. ಕೊಂಡಿಯನ್ನು ಬಿಚ್ಚಿ ಒಳಗಿಡುವುದೇ ಪರಿಹಾರ. ಪೂರ್ತಿ ಬಿಚ್ಚಲಾಗದವರು ಗುಂಡು ತಗ್ಗಿನಲ್ಲಿರುವ ಕೊಂಡಿಯನ್ನು ಆರಿಸಿ, ಮೊದಲ ಸಲ ಒಳಗೇಟನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಇಳಿಸಿ ಅಂತರ ನೋಡಿಕೊಳ್ಳಬೇಕು.

ಲೈಟ್ನಿಂಗ್‌ನ ಟೈಲ್‌ಗೇಟಿನಲ್ಲಿ ಮಡಿಕೆಗಳಿಲ್ಲ, ಯೋಚನೆ ಇದೆ. ಒಳಮೈ ಮೇಲೆ ಅಳತೆಪಟ್ಟಿ ಅಚ್ಚಾಗಿದೆ, ಪೆನ್ಸಿಲ್ ಇಡುವ ತಗ್ಗು, ಫೋನ್ ಅಥವಾ ಟ್ಯಾಬ್ಲೆಟ್ ನಿಲ್ಲಿಸುವ ಸೀಳು, ಕ್ಲಾಂಪ್ ಹಿಡಿಯುವ ಗೂಡುಗಳಿವೆ. ಕ್ಲಾಂಪ್ ಗೂಡು ಸಣ್ಣ ವಿಷಯದಂತೆ ಕಂಡರೂ ಬಹಳ ಬೆಲೆಬಾಳುವಂಥದು. ಮಾಮೂಲಿ ಟೈಲ್‌ಗೇಟಿನ ಅಂಚು ದಪ್ಪ ಮತ್ತು ದುಂಡಗೆ, ಕ್ಲಾಂಪ್‌ನ ದವಡೆ ಅದರ ಮೇಲೆ ಜಾರುತ್ತದೆ. ಇಲ್ಲಿ ದವಡೆ ಒಳಕ್ಕೆ ಹೋಗಿ ಕಚ್ಚಿಕೊಳ್ಳುವ ಸಮತಟ್ಟು ಜಾಗವಿದೆ, ಮರದ ಪಟ್ಟಿಯನ್ನು ಅಲುಗದಂತೆ ಹಿಡಿದು ಗರಗಸ ಓಡಿಸಬಹುದು. ಹೊರಗೆಳೆಯುವ ಮೆಟ್ಟಿಲು ಮತ್ತು ಮೇಲೆ ನಿಲ್ಲುವ ಹಿಡಿಕಂಬ ಐಚ್ಛಿಕ. ಗೇಟಿನ ಪಕ್ಕದಂಚಿನಲ್ಲಿರುವ ಕೊಕ್ಕೆಗಳು ಚಾಚಿದ ಸರಕಿನ ಹಿಂತುದಿಯನ್ನು ಕಟ್ಟಲು ಇರುವಂಥವು. ಎಂಟಡಿ ಶೀಟನ್ನು ಗೇಟ್ ಇಳಿಸಿ ಒಯ್ಯುವ ಟ್ರಕ್‌ನಲ್ಲಿ ಈ ಕೊಕ್ಕೆ ಇರಲೇಬೇಕು, ಇಲ್ಲವಾದರೆ ಹಿಂತುದಿ ಪ್ರತಿ ಉಬ್ಬಿನಲ್ಲೂ ಎದ್ದು ಬಡಿಯುತ್ತದೆ. ಬೆಡ್‌ಗೆ ಸ್ಪ್ರೇ ಲೈನರ್ (ಸಿಂಪಡಿಸುವ ರಕ್ಷಣಾ ಲೇಪ) ಹಾಕಿಸುವವರು ಗೇಟಿನ ಅಳತೆಪಟ್ಟಿ ಮತ್ತು ಗೂಡುಗಳಿಗೆ ಟೇಪ್ ಅಂಟಿಸಲು ಹೇಳಬೇಕು. ಹೇಳದಿದ್ದರೆ ಎಲ್ಲವೂ ಮುಚ್ಚಿಹೋಗುತ್ತದೆ.

ಟೈಲ್‌ಗೇಟ್ ಇಳಿಸಿ ಓಡಿಸುವಾಗ ಯಾರೂ ಮುಂಚಿತವಾಗಿ ಯೋಚಿಸದ ತೊಂದರೆ ಎಂದರೆ ಕ್ಯಾಮೆರಾ. ಹಿಂಬದಿ ಕ್ಯಾಮೆರಾ ಗೇಟಿನ ಮೇಲೇ ಇರುವುದರಿಂದ ಇಳಿಸಿದಾಗ ಅದು ರಸ್ತೆಯನ್ನು ನೋಡುತ್ತದೆ. ಹಿಂದಕ್ಕೆ ತೆಗೆಯುವಾಗ ಇನ್ನೊಬ್ಬರು ನಿಂತು ದಾರಿ ಹೇಳಬೇಕು. ಗೇಟಿನಲ್ಲಿ ಈಗ ಕ್ಯಾಮೆರಾ, ಬೀಗದ ಮೋಟಾರು, ದೀಪ, ಸ್ವಿಚ್ಚು ಎಲ್ಲ ಇವೆ; ಇವುಗಳ ತಂತಿಗಳೆಲ್ಲ ಕೀಲಿನ ಬಳಿ ಒಂದು ಬಾಗುವ ಕೊಳವೆಯಲ್ಲಿ ಹೋಗುತ್ತವೆ. ಗೇಟ್ ತೆರೆದು ಮುಚ್ಚಿದಂತೆಲ್ಲ ಅದೇ ಜಾಗ ಬಾಗುತ್ತದೆ, ಮೊದಲು ಮುರಿಯುವುದೂ ಅದೇ. ನೀರು ಇನ್ನೊಂದು ಶತ್ರು. 2024ರ ಆರಂಭದಲ್ಲಿ ಜನರಲ್ ಮೋಟಾರ್ಸ್ ತನ್ನ ಹೆವಿ ಡ್ಯೂಟಿ ಪಿಕಪ್‌ಗಳನ್ನು ವಾಪಸ್ ಕರೆಸಿಕೊಂಡದ್ದು ಟೈಲ್‌ಗೇಟ್ ಸ್ವಿಚ್ಚಿಗೆ ನೀರಿಳಿದು, ಶಾರ್ಟ್ ಆಗಿ, ನಿಂತ ಗಾಡಿಯ ಗೇಟ್ ತಾನಾಗಿ ಬಿಚ್ಚಿಕೊಳ್ಳುತ್ತಿದ್ದ ಕಾರಣಕ್ಕೆ. ಅವು ಎಲೆಕ್ಟ್ರಿಕ್ ಗಾಡಿಗಳಲ್ಲ, ಆದರೆ ಬಟನ್ನಿನಿಂದ ತೆರೆಯುವ ಎಲ್ಲ ಗೇಟುಗಳಿಗೂ ಆ ಪಾಠ ಸಲ್ಲುತ್ತದೆ. ಮುಖ್ಯ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ವ್ಯವಸ್ಥೆ ಸತ್ತರೆ ಬಟನ್ ಕೆಲಸ ಮಾಡದು. ಕೈಯಿಂದ ಬಿಚ್ಚುವ ದಾರಿ ಎಲ್ಲಿದೆ ಎಂದು ಮ್ಯಾನುಯಲ್ ನೋಡಿ, ಬೆಡ್ ಖಾಲಿ ಇರುವಾಗಲೇ ಒಮ್ಮೆ ಬಿಚ್ಚಿ ಅಭ್ಯಾಸ ಮಾಡಿಕೊಳ್ಳಿ.

ಕಟ್ಟುವುದು: ಎಲೆಕ್ಟ್ರಿಕ್ ಗಾಡಿಗೆ ಹಳೆಯ ಅಂದಾಜು ಸಾಲದು

ಅಮೆರಿಕದ ವಾಣಿಜ್ಯ ವಾಹನಗಳ ಸರಕು ಭದ್ರತಾ ನಿಯಮ ಹೇಳುವುದು ಇಷ್ಟು: ಕಟ್ಟು ಮುಂದಕ್ಕೆ ಗುರುತ್ವದ 0.8 ಪಟ್ಟು, ಹಿಂದಕ್ಕೆ 0.5 ಪಟ್ಟು, ಪಕ್ಕಕ್ಕೆ 0.5 ಪಟ್ಟು ಎಳೆತ ತಡೆಯಬೇಕು. ಬ್ರೇಕ್ ಒತ್ತುವುದು ಜೋರು, ವೇಗ ಹೆಚ್ಚುವುದು ನಿಧಾನ ಎಂಬ ಲಾರಿಗಳ ಅನುಭವ ಇದರ ಹಿಂದಿದೆ. ಲೈಟ್ನಿಂಗ್‌ನ ವೇಗದ ಮಾದರಿ ಸುಮಾರು ನಾಲ್ಕೂವರೆ ಸೆಕೆಂಡಿನಲ್ಲಿ ಗಂಟೆಗೆ 60 ಮೈಲಿ ಮುಟ್ಟುತ್ತದೆ. ಲೆಕ್ಕ ಹಾಕಿದರೆ ಅದು ಸರಾಸರಿ 0.6 ಪಟ್ಟು. ಮೊದಲ ಪೀಳಿಗೆಯ ನಾಲ್ಕು ಮೋಟಾರಿನ ಆರ್1ಟಿ ಸುಮಾರು 3 ಸೆಕೆಂಡಿನಲ್ಲಿ ಮುಟ್ಟುವಾಗ 0.9 ಪಟ್ಟು. ಅಂದರೆ ಪೆಡಲ್ ಪೂರ್ತಿ ಒತ್ತಿದರೆ, ನಿಯಮದಂತೆ ಸರಿಯಾಗಿ ಕಟ್ಟಿದ ಸರಕೂ ಹಿಂದಕ್ಕೆ ಜಾರಿ ಟೈಲ್‌ಗೇಟಿಗೆ ಗುದ್ದಬಹುದು. ಪೆಡಲ್ ಬಿಟ್ಟ ಕೂಡಲೇ ರೀಜನರೇಟಿವ್ ಬ್ರೇಕ್ (ಮೋಟಾರೇ ಗಾಡಿಯನ್ನು ನಿಧಾನಿಸಿ ಬ್ಯಾಟರಿ ತುಂಬುವ ವ್ಯವಸ್ಥೆ, ಚಿಕ್ಕದಾಗಿ ರೀಜನ್) ಹಿಡಿಯುತ್ತದೆ, ಸರಕು ಮುಂದಕ್ಕೆ ಬರುತ್ತದೆ. ದಿನವಿಡೀ ಈ ಹಿಂದೆಮುಂದೆ ನಡೆದು ಪಟ್ಟಿ ಸಡಿಲವಾಗುತ್ತದೆ. ತುಂಬಿದ ಬೆಡ್‌ನೊಂದಿಗೆ ಹೊರಟಾಗ ನಿಧಾನದ ಡ್ರೈವ್ ಮೋಡ್ ಹಾಕಿ, ರೀಜನ್ ಮಟ್ಟ ಇಳಿಸಬಹುದಾದ ಗಾಡಿಯಲ್ಲಿ ಇಳಿಸಿ, ಮೊದಲ ಹತ್ತು ಹದಿನೈದು ಕಿಲೋಮೀಟರಿನಲ್ಲಿ ಒಮ್ಮೆ ನಿಲ್ಲಿಸಿ ಪಟ್ಟಿ ಬಿಗಿ ನೋಡಿ.

ನೆಲದ ಹಿಡಿತವೂ ಎಣಿಕೆಗೆ ಬರುತ್ತದೆ. ನುಣುಪು ಪ್ಲಾಸ್ಟಿಕ್ ಲೈನರ್ ಮೇಲೆ ಮರದ ಪೆಟ್ಟಿಗೆ ಸುಲಭವಾಗಿ ಜಾರುತ್ತದೆ, ಜಾರದ ರಬ್ಬರ್ ಚಾಪೆಯ ಮೇಲಾದರೆ ಘರ್ಷಣಾಂಕವನ್ನು 0.6 ಎಂದು ಹಿಡಿಯುವುದು ರೂಢಿ. 8ರಿಂದ 10 ಮಿಲಿಮೀಟರ್ ದಪ್ಪದ ರಬ್ಬರ್ ಚಾಪೆ ಈ ಎಲ್ಲ ಟ್ರಕ್‌ಗಳಿಗೂ ಕೊಳ್ಳಬೇಕಾದ ಮೊದಲ ಬಿಡಿವಸ್ತು. ಪಟ್ಟಿಗಳ ಕೆಲಸದ ಭಾರಮಿತಿ ಕೂಡಿಸಿದರೆ ಸರಕಿನ ತೂಕದ ಅರ್ಧವಾದರೂ ಇರಬೇಕು ಎಂಬುದು ಅದೇ ನಿಯಮದ ಕನಿಷ್ಠ. ಚುರುಕು ಗಾಡಿಗೆ ಅರ್ಧದ ಬದಲು ಪೂರ್ತಿ ತೂಕ ಇಟ್ಟುಕೊಳ್ಳುವುದು ಜಾಣತನ. ಪಟ್ಟಿಯ ಮೇಲೆ ಎರಡು ಸಂಖ್ಯೆ ಅಚ್ಚಾಗಿರುತ್ತವೆ: ತುಂಡಾಗುವ ಭಾರ ಮತ್ತು ಕೆಲಸದ ಭಾರ. ಎರಡನೆಯದು ಸಾಮಾನ್ಯವಾಗಿ ಮೊದಲಿನದರ ಮೂರನೇ ಒಂದು ಭಾಗ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಎರಡನೆಯದನ್ನೇ.

ಕೊಕ್ಕೆಗಳ ವಿಷಯದಲ್ಲಿ ಸೈಬರ್‌ಟ್ರಕ್‌ಗೆ ಹೆಚ್ಚು ಅಂಕ. ಬೆಡ್‌ನ ಬದಿಗಳಲ್ಲಿ ಉದ್ದಕ್ಕೂ ಎಲ್-ಟ್ರ್ಯಾಕ್ ಎಂಬ ತೂತುಗಳ ಹಳಿ ಇದೆ, ಕೊಂಡಿಯನ್ನು ಸರಕು ಇರುವಲ್ಲಿಗೆ ತಂದು ಸಿಕ್ಕಿಸಬಹುದು. ಮೂಲೆಗೊಂದರಂತೆ ನಾಲ್ಕೇ ಗಟ್ಟಿ ಕೊಕ್ಕೆ ಇರುವ ಬೆಡ್‌ನಲ್ಲಿ ಸಣ್ಣ ಸರಕನ್ನು ಮಧ್ಯದಲ್ಲಿಟ್ಟರೆ ಪಟ್ಟಿ ಬಹಳ ಚಪ್ಪಟೆ ಕೋನದಲ್ಲಿ ಹೋಗಿ, ಕೆಳಕ್ಕೆ ಒತ್ತುವ ಬಲ ಕಡಿಮೆಯಾಗುತ್ತದೆ. ಲೈಟ್ನಿಂಗ್‌ನಲ್ಲಿ ಬೆಡ್ ಬದಿಗೆ ಕೊಕ್ಕೆ ಸಿಕ್ಕಿಸಲು ಇರುವ ಬಾಕ್ಸ್‌ಲಿಂಕ್ ಫಲಕಗಳು ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತವೆ. ಟ್ರ್ಯಾಕ್‌ನ ದೋಷವೆಂದರೆ ಸಂದಿನಲ್ಲಿ ಮರಳು, ಮರದ ಹುಡಿ ಸೇರಿ ಕೊಂಡಿಯ ಪಿನ್ ಪೂರ್ತಿ ಕೆಳಗೆ ಕೂರದಿರುವುದು. ಕೂತಂತೆ ಕಾಣುತ್ತದೆ, ಎಳೆದಾಗ ಕಿತ್ತು ಬರುತ್ತದೆ. ಸಿಕ್ಕಿಸಿದ ಮೇಲೆ ಪ್ರತಿ ಕೊಂಡಿಯನ್ನೂ ಪಕ್ಕಕ್ಕೆ ಒಮ್ಮೆ ಜಗ್ಗಿ ನೋಡಬೇಕು.

ಸಾಕೆಟ್‌ಗಳು

ಜನರೇಟರ್ ಬೇಡವಾಗುವುದು ಎಲೆಕ್ಟ್ರಿಕ್ ಪಿಕಪ್‌ನ ನಿಜವಾದ ಗೆಲುವು, ಅದರಲ್ಲಿ ಲೈಟ್ನಿಂಗ್ ಮುಂದು. 9.6 ಕಿಲೋವ್ಯಾಟ್ ಆಯ್ಕೆಯಲ್ಲಿ 7.2 ಕಿಲೋವ್ಯಾಟ್ ಬೆಡ್ ಮತ್ತು ಕ್ಯಾಬಿನ್ನಿನ ಕಡೆ, 2.4 ಕಿಲೋವ್ಯಾಟ್ ಮುಂದಿನ ಫ್ರಂಕ್‌ನಲ್ಲಿ (ಬಾನೆಟ್ಟಿನಡಿಯ ಸಾಮಾನು ಪೆಟ್ಟಿಗೆ). ಬೆಡ್‌ನಲ್ಲಿ 120 ವೋಲ್ಟಿನ ನಾಲ್ಕು ಸಾಕೆಟ್, 240 ವೋಲ್ಟ್ 30 ಆಂಪಿಯರಿನ ಒಂದು. ಸಿಲ್ವರಾಡೊ ಇವಿ ಬಿಡಿಭಾಗ ಸೇರಿಸಿದರೆ 10.2 ಕಿಲೋವ್ಯಾಟ್‌ವರೆಗೆ ಕೊಡುತ್ತದೆ. ಸೈಬರ್‌ಟ್ರಕ್‌ನ ಬೆಡ್‌ನಲ್ಲೂ 120 ಮತ್ತು 240 ವೋಲ್ಟ್ ಎರಡೂ ಇವೆ. ಆರ್1ಟಿ ಇಲ್ಲಿ ತೀರ ಹಿಂದೆ: 120 ವೋಲ್ಟಿನ ಸಾಕೆಟ್ ಮಾತ್ರ, ಒಟ್ಟು 1.5 ಕಿಲೋವ್ಯಾಟ್. ಡ್ರಿಲ್ ಬ್ಯಾಟರಿ ಚಾರ್ಜ್ ಮಾಡಲು ಸಾಕು, ದೊಡ್ಡ ಟೇಬಲ್ ಸಾಗೆ ಸಾಲದು.

ರೇಂಜ್ ಹೋಗುತ್ತದೆ ಎಂಬ ಹೆದರಿಕೆ ಬೇಡ. 1.5 ಕಿಲೋವ್ಯಾಟಿನ ಗರಗಸ ಒಂದು ಗಂಟೆ ಬಿಡದೆ ಓಡಿದರೆ ಒಂದೂವರೆ ಯೂನಿಟ್. ಲೈಟ್ನಿಂಗ್ ಒಂದು ಯೂನಿಟ್‌ಗೆ ಸುಮಾರು ಎರಡು ಮೈಲಿ ಓಡುತ್ತದೆ, ಹೋಗುವುದು ಮೂರು ಮೈಲಿ, ಅಂದರೆ 5 ಕಿಲೋಮೀಟರ್.

ತೊಂದರೆ ಕೊಡುವುದು ಮೋಟಾರು ಹತ್ತುವ ಕ್ಷಣ. ಏರ್ ಕಂಪ್ರೆಸರಿನ ಇಂಡಕ್ಷನ್ ಮೋಟಾರು ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಇನ್ವರ್ಟರ್ ಆ ಹೊಡೆತ ಕಂಡು ಕಟ್ ಆಗುತ್ತದೆ. ಟ್ಯಾಂಕಿನ ಗಾಳಿ ಪೂರ್ತಿ ಬಿಟ್ಟು, ಬೇರೆಲ್ಲ ಉಪಕರಣ ಆರಿಸಿ, ಕಂಪ್ರೆಸರನ್ನು ಮೊದಲು ಶುರು ಮಾಡಬೇಕು. ಎಕ್ಸ್‌ಟೆನ್ಷನ್ ವೈರು ದಪ್ಪವಿರಬೇಕು. 30 ಮೀಟರ್ ದೂರಕ್ಕೆ 120 ವೋಲ್ಟಿನಲ್ಲಿ 20 ಆಂಪಿಯರ್ ಎಳೆದರೆ 1.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಸುಮಾರು 14 ವೋಲ್ಟ್ ಸೋರಿಹೋಗುತ್ತದೆ, 4 ಚದರ ಮಿಲಿಮೀಟರಿನದರಲ್ಲಿ 5 ವೋಲ್ಟ್. ವೋಲ್ಟೇಜ್ ಕಡಿಮೆಯಾದರೆ ಮೋಟಾರು ಹತ್ತಲು ಹೆಚ್ಚು ಹೊತ್ತು ತಿಣುಕುತ್ತದೆ, ಬಿಸಿಯಾಗುತ್ತದೆ, ಮತ್ತೆ ಕಟ್. ಬಹಳ ಜನ ಟ್ರಕ್ಕನ್ನು ದೂರುವ ಕಡೆ ತಪ್ಪು ವೈರಿನದಾಗಿರುತ್ತದೆ.

ಇನ್ನೊಂದು ಗೊಂದಲ: ಬೆಡ್‌ನ 240 ವೋಲ್ಟ್ ಸಾಕೆಟ್‌ನಿಂದ ಮನೆಯ ಟ್ರಾನ್ಸ್‌ಫರ್ ಸ್ವಿಚ್ಚಿಗೆ (ಮನೆಯನ್ನು ಲೈನಿನ ಕರೆಂಟಿನಿಂದ ಬೇರೆ ಮೂಲಕ್ಕೆ ಬದಲಿಸುವ ಸ್ವಿಚ್ಚು) ಸಂಪರ್ಕ ಕೊಟ್ಟ ತಕ್ಷಣ ಟ್ರಕ್ ಟ್ರಿಪ್ ಆಗುವುದು. ಕಾರಣ ಸರಳ. ಟ್ರಕ್‌ನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಸೇರಿಕೊಂಡಿವೆ, ಮನೆಯ ಬೋರ್ಡಿನಲ್ಲೂ ಸೇರಿಕೊಂಡಿವೆ. ವಾಪಸ್ ಬರುವ ಕರೆಂಟ್ ಎರಡೂ ದಾರಿಯಲ್ಲಿ ಹಂಚಿಕೊಳ್ಳುತ್ತದೆ. ಹೋದದ್ದೂ ನ್ಯೂಟ್ರಲ್‌ನಲ್ಲಿ ಬಂದದ್ದೂ ಸಮವಿಲ್ಲದ್ದನ್ನು ಕಂಡ ಸೋರಿಕೆ ರಕ್ಷಕ ಕಟ್ ಮಾಡುತ್ತದೆ. ನ್ಯೂಟ್ರಲ್ಲನ್ನೂ ಬದಲಿಸುವ ಟ್ರಾನ್ಸ್‌ಫರ್ ಸ್ವಿಚ್ಚನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಹಾಕಿಸುವುದೇ ಸರಿಯಾದ ದಾರಿ. ಅರ್ಥ್ ವೈರ್ ಕತ್ತರಿಸಿ ಟ್ರಿಪ್ ತಪ್ಪಿಸುವ ಸಲಹೆ ಯಾರು ಕೊಟ್ಟರೂ ಕೇಳಬಾರದು. ಅದು ಜೀವ ತೆಗೆಯುವ ಕೆಲಸ.

ಸಾಕೆಟ್ ಎಲ್ಲಿದೆ ಎಂಬುದನ್ನೂ ನೋಡಬೇಕು. ಬೆಡ್‌ನ ಬದಿಯಲ್ಲಿ, ಟೈಲ್‌ಗೇಟಿನ ಹತ್ತಿರ, ನೆಲದಿಂದ ಎತ್ತರದಲ್ಲಿದ್ದರೆ ಮರಳು ತುಂಬಿದರೂ ಕೈಗೆ ಸಿಗುತ್ತದೆ. ಲೈಟ್ನಿಂಗ್ ಇದನ್ನು ಸರಿಯಾಗಿ ಮಾಡಿದೆ. ಬೆಡ್ ತೊಳೆಯುವಾಗ ಮುಚ್ಚಳ ಹಾಕಿ, ಜೋರು ಒತ್ತಡದ ನೀರನ್ನು ಅದರ ಮೇಲೆ ನೇರ ಬಿಡಬೇಡಿ.

ಮುಚ್ಚಳ, ನೆಲದಡಿ, ಮುಂದಿನ ಪೆಟ್ಟಿಗೆ

ಸೈಬರ್‌ಟ್ರಕ್‌ನ ಪಟ್ಟಿಪಟ್ಟಿಯ ಮುಚ್ಚಳ ಮೋಟಾರಿನಿಂದ ಸರಿದು ಕ್ಯಾಬಿನ್ನಿನ ಹಿಂದೆ ಸುತ್ತಿಕೊಳ್ಳುತ್ತದೆ, ಅದರ ಮೇಲೆ ಒಬ್ಬರು ನಿಲ್ಲಬಹುದು. ಮುಚ್ಚಿದಾಗ ಒಳಗನ್ನಡಿಯಲ್ಲಿ ಹಿಂದಿನದೇನೂ ಕಾಣದು, ಪೂರ್ತಿ ಕ್ಯಾಮೆರಾವನ್ನೇ ನಂಬಬೇಕು. ಕೆಸರಿನ ರಸ್ತೆಯಲ್ಲಿ ಕ್ಯಾಮೆರಾ ಒರೆಸುವುದು ಅಭ್ಯಾಸವಾಗಬೇಕು. ರಿವಿಯನ್‌ನ ಮೊದಲ ಮೋಟಾರು ಮುಚ್ಚಳ ಸಿಕ್ಕಿಕೊಳ್ಳುತ್ತಿದ್ದುದರಿಂದ ಕಂಪನಿ ಅದನ್ನು ನಿಲ್ಲಿಸಿ, ಕೈಯಿಂದ ಹಾಕುವ ಮುಚ್ಚಳ ಕೊಟ್ಟು, ಆಮೇಲೆ ಹೊಸ ವಿನ್ಯಾಸದೊಂದಿಗೆ ಮರಳಿತು. ಸುತ್ತುವ ಯಾವ ಮುಚ್ಚಳಕ್ಕೂ ಹಳಿಯಲ್ಲಿ ಸೇರುವ ಮರಳೇ ಯಮ. ಹಳಿಗೆ ಗ್ರೀಸ್ ಹಚ್ಚಬಾರದು, ಅದು ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ರಷ್ಷಿನಿಂದ ಉಜ್ಜಿ, ನೀರು ಹಾಯಿಸಿ, ಒಣಗಿದ ಮೇಲೆ ತಯಾರಕರು ಹೇಳಿದ್ದರೆ ಮಾತ್ರ ಒಣ ಲೂಬ್ರಿಕೆಂಟ್. ಬೆಡ್‌ನ ಅಂಚಿಗಿಂತ ಮೇಲೆ ಸರಕು ಬಂದರೆ ಮುಚ್ಚಳ ಇದ್ದೂ ಇಲ್ಲದಂತೆ.

ಆರ್1ಟಿಯಲ್ಲಿ ಸ್ಟೆಪ್ನಿ ಚಕ್ರ ಬೆಡ್‌ನ ನೆಲದಡಿಯ ಪೆಟ್ಟಿಗೆಯಲ್ಲಿದೆ. ಕೆಸರು, ಕಲ್ಲಿನ ಪೆಟ್ಟಿಲ್ಲ, ಕಳವಿನ ಭಯವಿಲ್ಲ. ಆದರೆ ಬೆಡ್ ತುಂಬಿರುವಾಗ ಪಂಕ್ಚರ್ ಆದರೆ ಸರಕನ್ನೆಲ್ಲ ರಸ್ತೆಬದಿಗೆ ಇಳಿಸದೆ ಚಕ್ರ ಸಿಗದು. ಭಾರ ಹೊತ್ತಾಗಲೇ ಟೈರಿಗೆ ಹೆಚ್ಚು ಪೆಟ್ಟು ಎಂಬುದನ್ನು ನೆನೆದರೆ ಈ ವಿನ್ಯಾಸವನ್ನು ಒಪ್ಪುವುದು ಕಷ್ಟ. ಪಂಕ್ಚರ್ ಕಿಟ್ ಅನ್ನು ಗೇರ್ ಟನಲ್‌ನಲ್ಲಿಡಿ. ಹಿಂಸೀಟಿನ ಹಿಂದೆ ಅಡ್ಡಲಾಗಿ ಹಾದುಹೋಗುವ, ಎರಡೂ ಬದಿಯಿಂದ ತೆರೆಯುವ, 11 ಘನ ಅಡಿಗೂ ಹೆಚ್ಚಿನ ಈ ಸುರಂಗ ಆರ್1ಟಿಯ ಅತಿ ಒಳ್ಳೆಯ ಭಾಗ. ಬೆಡ್ ಎಷ್ಟೇ ತುಂಬಿರಲಿ, ಪಟ್ಟಿ, ಜಾಕ್, ಸಲಾಕೆ ಕೈಗೆ ಸಿಗುತ್ತವೆ.

ಲೈಟ್ನಿಂಗ್‌ನ ಫ್ರಂಕ್ ಇದೇ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯುತ್ತದೆ. 14.1 ಘನ ಅಡಿ, 400 ಪೌಂಡ್ ಅಂದರೆ 181 ಕೆಜಿ, ತಳದಲ್ಲಿ ನೀರು ಹೋಗುವ ಬಿರಡೆ, ಒಳಗೇ ಸಾಕೆಟ್. ಬೆಡ್‌ಗೆ ಇಳಿದ ಮಳೆನೀರು ತಾಗಬಾರದ ಉಪಕರಣಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಯಾವ ಪಿಕಪ್‌ನಲ್ಲೂ ಇಲ್ಲ.

ತೂಕ, ತೂತು, ತುಕ್ಕು

ಬೆಡ್ ದೊಡ್ಡದು ಎಂದರೆ ತುಂಬಿಸಬಹುದು ಎಂದರ್ಥವಲ್ಲ. ಲೈಟ್ನಿಂಗ್‌ನ ಅತಿ ಹೆಚ್ಚಿನ ಪೇಲೋಡ್ (ಗಾಡಿ ಹೊರಬಹುದಾದ ಒಟ್ಟು ತೂಕ) 2,235 ಪೌಂಡ್, ಸುಮಾರು 1,014 ಕೆಜಿ, ಅದೂ ಸಣ್ಣ ಬ್ಯಾಟರಿಯ ಮಾದರಿಗೆ. ದೊಡ್ಡ ಬ್ಯಾಟರಿ, ಹೆಚ್ಚಿನ ಸೌಲಭ್ಯ ಸೇರಿದಂತೆ ಇದು ಇಳಿಯುತ್ತದೆ. ಆರ್1ಟಿ 1,764 ಪೌಂಡ್, ಸೈಬರ್‌ಟ್ರಕ್ 2,500 ಪೌಂಡ್. ಇದರಲ್ಲಿ ಕೂತವರ ತೂಕವೂ ಸೇರುತ್ತದೆ. ಲೈಟ್ನಿಂಗ್ ಬೆಡ್‌ನ ಗಾತ್ರ 52.8 ಘನ ಅಡಿ, ಒದ್ದೆ ಮರಳು ಅಂಚಿನವರೆಗೆ ತುಂಬಿದರೆ ಎರಡೂವರೆ ಟನ್ ಆಗುತ್ತದೆ. ಇಬ್ಬರು ಕೂತರೆ ಮರಳು ಏಳು ಇಂಚು ಎತ್ತರಕ್ಕೆ ನಿಲ್ಲಬೇಕು. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯ ಸಂಖ್ಯೆಯೇ ನಿಮ್ಮ ಗಾಡಿಯ ನಿಜವಾದ ಮಿತಿ.

ರ‍್ಯಾಕ್, ಟೂಲ್‌ಬಾಕ್ಸ್ ಹಾಕಿಸುವಾಗ ಬೆಡ್ ನೆಲಕ್ಕೆ ಡ್ರಿಲ್ ಇಡುವ ಮೊದಲು ಕೆಳಗೆ ಮಲಗಿ ನೋಡಿ. ಕಿತ್ತಳೆ ಬಣ್ಣದ ಕೇಬಲ್ ಎಂದರೆ ಹೈ ವೋಲ್ಟೇಜ್. ಆದಷ್ಟು ಈಗಾಗಲೇ ಇರುವ ಬೋಲ್ಟ್ ತೂತುಗಳನ್ನೇ ಬಳಸಿ. ಲೈಟ್ನಿಂಗ್‌ನ ಬೆಡ್ ಅಲ್ಯೂಮಿನಿಯಂ, ಅದಕ್ಕೆ ಉಕ್ಕಿನ ಬೋಲ್ಟ್ ನೇರ ತಾಗಿ ಉಪ್ಪುನೀರು ಬಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ನೈಲಾನ್ ವಾಷರ್ ಹಾಕಿ, ತೂತಿನ ಅಂಚಿಗೆ ಪೇಂಟ್ ಮುಟ್ಟಿಸಿ, ಸೀಲೆಂಟ್ ತುಂಬಿ. ಸೈಬರ್‌ಟ್ರಕ್‌ನ ಬೆಡ್ ಕಾಂಪೊಸಿಟ್, ಲೈನರ್ ಬೇಕಿಲ್ಲ, ತುಕ್ಕಿಲ್ಲ. ಆದರೆ 2024ರ ಜೂನ್‌ನಲ್ಲಿ 11 ಸಾವಿರಕ್ಕೂ ಹೆಚ್ಚು ಸೈಬರ್‌ಟ್ರಕ್‌ಗಳನ್ನು ವಾಪಸ್ ಕರೆಸಿದ್ದು ಬೆಡ್ ಬದಿಯ ಅಂಟಿಸಿದ ಟ್ರಿಮ್ ಬಿಟ್ಟುಬರುವ ಕಾರಣಕ್ಕೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಟೈಲ್‌ಗೇಟನ್ನು ಅರ್ಧ ಇಳಿಸಿ ಕೈಬಿಡಿ. ನಿಧಾನಕ್ಕೆ ಇಳಿಯಬೇಕು, ಧಡಕ್ಕನೆ ಬಿದ್ದರೆ ಡ್ಯಾಂಪರ್ ಹೋಗಿದೆ. ಕೀಲಿನ ಬಳಿಯ ತಂತಿ ಕೊಳವೆಯನ್ನು ಬಾಗಿಸುತ್ತ ಇನ್ನೊಬ್ಬರಿಗೆ ಕ್ಯಾಮೆರಾ ಚಿತ್ರ ನೋಡಲು ಹೇಳಿ, ಚಿತ್ರ ಮಿನುಗಿದರೆ ಒಳಗೆ ತಂತಿ ಮುರಿಯುತ್ತಿದೆ. ನೆಲದಡಿಯ ಪೆಟ್ಟಿಗೆಯಲ್ಲಿ ನೀರಿನ ಗೆರೆ ಇದೆಯೇ, ಬಸಿಗಾಲುವೆ ಕಟ್ಟಿಕೊಂಡಿದೆಯೇ ನೋಡಿ. ಒಂದು ಬಾಟಲಿ ನೀರು ಸುರಿದರೆ ಸಾಕು. ಮಿಡ್‌ಗೇಟ್ ಇದ್ದರೆ ತೆರೆದು, ರಬ್ಬರ್ ಸೀಲಿನ ಕೆಳಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿ, ಹರಿಯುವುದು ಅಲ್ಲೇ. ಮುಚ್ಚಳವನ್ನು ಪೂರ್ತಿ ಎರಡು ಸಲ ಆಚೀಚೆ ಓಡಿಸಿ, ಎರಡನೇ ಸಲ ನಿಧಾನವಾದರೆ ಹಳಿಯಲ್ಲಿ ಕಸವಿದೆ. 120 ವೋಲ್ಟಿನ ಪ್ರತಿ ಸಾಕೆಟ್‌ಗೂ ಒಂದು ಹೀಟ್ ಗನ್ ಸಿಕ್ಕಿಸಿ ಐದು ನಿಮಿಷ ಓಡಿಸಿ, ನಂತರ ಟೆಸ್ಟ್ ಬಟನ್ ಒತ್ತಿ ಕಟ್ ಆಗುತ್ತದೆಯೇ ಖಾತ್ರಿ ಮಾಡಿಕೊಳ್ಳಿ. ಗಾಡಿಯ ಗುರುತು ಸಂಖ್ಯೆ ಹಾಕಿ ಬಾಕಿ ಉಳಿದ ರೀಕಾಲ್ (ದುರಸ್ತಿಗೆ ವಾಪಸ್ ಕರೆ) ಇದೆಯೇ ಎಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ತಾಣದಲ್ಲಿ ಉಚಿತವಾಗಿ ನೋಡಬಹುದು.

ಉದ್ದದ ಸರಕು ಹೆಚ್ಚು ಒಯ್ಯುವವರಿಗೆ ಮಿಡ್‌ಗೇಟ್ ಇರುವ ಸಿಲ್ವರಾಡೊ ಇವಿ ಅಥವಾ ಸಿಯೆರಾ ಇವಿ. ಆದರೆ ಕೆಲಸಗಾರರಿಗೆಂದು ಮಾಡಿದ ಡಬ್ಲ್ಯುಟಿ ಮಾದರಿಗೆ ಮಿಡ್‌ಗೇಟ್ ಕೊಟ್ಟಿಲ್ಲ, ಆರ್ಡರ್ ಮಾಡುವ ಮುಂಚೆ ಪಟ್ಟಿ ನೋಡಿಕೊಳ್ಳಿ. ಕಟ್ಟಡದ ಕೆಲಸಕ್ಕೆ, ಉಪಕರಣ ಓಡಿಸಲು ಲೈಟ್ನಿಂಗ್, 9.6 ಕಿಲೋವ್ಯಾಟ್ ಇರುವುದನ್ನೇ ಆರಿಸಿ. ಆರ್1ಟಿ ಸೈಕಲ್, ಡೇರೆ, ಪ್ರವಾಸದ ಸಾಮಾನಿಗೆ ಸರಿ, ಜಲ್ಲಿಗಲ್ಲ. ಏರ್ ಸಸ್ಪೆನ್ಷನ್ ಅನ್ನು ತೀರ ಕೆಳಗಿಳಿಸಿದರೆ ಬೈಕ್ ಹತ್ತಿಸುವ ರ‍್ಯಾಂಪ್‌ನ ಏರು ತಗ್ಗುತ್ತದೆ. ರ‍್ಯಾಂಪ್‌ನ ಸುರಕ್ಷಾ ಪಟ್ಟಿಯನ್ನು ಹಿಚ್‌ಗೆ ಕಟ್ಟಿಯೇ ಬೈಕ್ ಏರಿಸಬೇಕು, ಹಿಂಚಕ್ರ ತಳ್ಳಿದಾಗ ಕಟ್ಟದ ರ‍್ಯಾಂಪ್ ಟೈಲ್‌ಗೇಟಿನ ಅಂಚಿನಿಂದ ಹಿಂದಕ್ಕೆ ಜಾರಿ ಬೀಳುತ್ತದೆ.